ಯಾವ ಕೆಎಸ್‌ಆರ್‌ಟಿಸಿ?

ಕೇರಳ-ಕರ್ನಾಟಕ ಗಡಿಯ ವರ್ಕಾಡಿಯವರಿಗೆ ಕೆಎಸ್‌ಆರ್‌ಟಿಸಿ ಎಂದರೆ ಎರಡು, ಕೇರಳದ್ದು ಮತ್ತು ಕರ್ನಾಟಕದ್ದು. ಯಾವುದೆಂದು ಕೇಳದೆ ಮಾತು ಮುಂದೆ ಹೋಗದು. ಹೆಸರು ಯಾರದ್ದೆಂಬ ಪ್ರಶ್ನೆ ಇಂಟರ್ನೆಟ್ಟಿನಲ್ಲೂ ಉಂಟು. ಇಲ್ಲೊಬ್ಬ ಅಳಿಯ, ಅವಧಿ ಮುಗಿದ ಡೊಮೈನ್ (ಜಾಲತಾಣದ) ಹೆಸರುಗಳನ್ನು ಹಿಡಿದು ಸಾಹುಕಾರನಾಗಹೊರಟನೆನ್ನಿ. "ಬಿಟ್ಟ ಹೆಸರು ಸಿಕ್ಕಿದವನದ್ದಲ್ವಾ ಮಾವ?" "ಮುಗಿದದ್ದು ನೋಂದಣಿ ಮಾರಾಯ, ಟ್ರೇಡ್‌ಮಾರ್ಕ್ ಅಲ್ಲ. 'ಸಿಫಿ' ಎಂಬ ಡೊಮೈನ್ ಹೆಸರಿನ ಜಗಳ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಹುಟ್ಟಿತು. ಡೊಮೈನಿಗೂ ಟ್ರೇಡ್‌ಮಾರ್ಕಿನ ಗುಣ ಉಂಟೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು." "ಸಾಮಾನ್ಯ ಪದವಾದರೆ?" "ಅಡಿಕೆ ಎಂಬ ಹೆಸರಲ್ಲಿ ಅಡಿಕೆಯನ್ನೇ ಮಾರು, ಯಾರೂ ಕೇಳರು. ಹಳೆಯ ಒಡೆಯನಿಂದ ಹಣ ಕೀಳಲೆಂದೇ ಕೊಂಡರೆ ದುರುದ್ದೇಶ." "ಹಾಗಾದರೆ ಮೊದಲು ಬಳಸಿದವನದ್ದೇ ಗೆಲುವಾ?" ಹಾಗೂ ಇಲ್ಲ, ಬಸ್ಸಿನ ಹೆಸರಿನ ಜಗಳವನ್ನೇ ನೋಡಿ. 1965ರಿಂದ ಕೆಎಸ್‌ಆರ್‌ಟಿಸಿ ನಾವೇ ಎಂದಿತು ಕೇರಳ. 1973ರಿಂದ ಬಳಸಿದ ಕರ್ನಾಟಕ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿತು. ಬಸ್ಸುಗಳು ಮಾತ್ರ ಎರಡೂ ಓಡುತ್ತಿವೆ, ಅದೇ ಹೆಸರಲ್ಲಿ.