ಜೂನ್ ಒಂದನೇ ತಾರೀಖಿನವರಿಗೆ ಒಂದು ಬಹಿರಂಗ ಪತ್ರ

ಮೇ 31, 2025, ಶನಿವಾರ

ಶ್ರೀಮಾನ್ ಜೂನ್ ಒಂದನೇ ತಾರೀಖಿನವರಿಗೆ,

ನಾಳೆ ತಾವು ದಯಮಾಡಿಸುತ್ತಿದ್ದೀರಿ. ಈ ಸಲ ಭಾನುವಾರ ಬಿದ್ದಿರುವುದರಿಂದ ಕಚೇರಿಗಳಿಗೆ ರಜ, ತಮಗೂ ಸ್ವಲ್ಪ ಪುರುಸೊತ್ತು ಇರಬಹುದೆಂದು ಈ ಕಾಗದ ಬರೆಯುತ್ತಿದ್ದೇನೆ. ಮಂತ್ರಿಗಳಿಗೆ, ಆಯುಕ್ತರಿಗೆ, ಉಪನಿರ್ದೇಶಕರಿಗೆ ಬರೆದದ್ದಾಯಿತು. ಎಲ್ಲರೂ ತಮ್ಮ ಕಡೆಗೇ ಬೆರಳು ತೋರಿಸಿದರು. “ನಮ್ಮ ಕೈಯಲ್ಲೇನಿದೆಯಮ್ಮ, ಒಂದನೇ ಕ್ಲಾಸಿಗೆ ಸೇರಲು ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕು, ಅಷ್ಟೇ” ಎಂದರು. ಅಧಿಕಾರವೆಲ್ಲ ತಮ್ಮ ಬಳಿಯೇ ಇದೆ ಎಂದ ಮೇಲೆ ನಡುವೆ ಯಾರ ಶಿಫಾರಸು ಏಕೆ?

ಮೊದಲು ನನ್ನ ಪರಿಚಯ. ನನ್ನ ಮಗಳು ಹುಟ್ಟಿದ್ದು 2019ರ ಜೂನ್ 9ರಂದು. ನಾಳೆಗೆ ಅವಳಿಗೆ ಐದು ವರ್ಷ, ಹನ್ನೊಂದು ತಿಂಗಳು, ಇಪ್ಪತ್ಮೂರು ದಿನ. ಆರಕ್ಕೆ ಎಂಟು ದಿನ ಕಡಿಮೆ. ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇನೆ. ಹೆರಿಗೆಗೆ ಮೊದಲು ಜೋಯಿಸರು ನಕ್ಷತ್ರ ನೋಡಿದರು, ಅತ್ತೆ ಅಮಾವಾಸ್ಯೆ ಕಳೆಯಲಿ ಎಂದರು, ಡಾಕ್ಟರು ನೋವು ತಾನಾಗಿ ಬರಲಿ ಎಂದರು. ಶಿಕ್ಷಣ ಇಲಾಖೆ ಮೂರು ವರ್ಷ ಕಳೆದು ಹೊರಡಿಸಲಿರುವ ಸುತ್ತೋಲೆಯನ್ನು ಒಬ್ಬರೂ ನೋಡಲಿಲ್ಲ. ಆಗಿನ ನಿಯಮದಲ್ಲಿ ಐದು ವರ್ಷ ಐದು ತಿಂಗಳಾಗಿದ್ದರೆ ಒಂದನೇ ಕ್ಲಾಸು. ನಾವು ಮೂಢರು, ನಿಯಮ ಇದ್ದಲ್ಲೇ ಇರುತ್ತದೆಂದು ನಂಬಿಬಿಟ್ಟೆವು.

ತಮಗೂ ನಮ್ಮ ಮನೆಗೂ ಹಳೆಯ ನೆಂಟಸ್ತಿಕೆ ಇದೆ. ನನ್ನ ತಂದೆಯವರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹುಟ್ಟಿದ ತಾರೀಖು 1-6-1952. ನನ್ನ ಅಜ್ಜಿಯ ಪ್ರಕಾರ ಅವರು ಹುಟ್ಟಿದ್ದು ಹೊಲದಲ್ಲಿ ಹುಚ್ಚೆಳ್ಳು ಹೂ ಬಿಟ್ಟಿದ್ದಾಗ. ಜೂನಿನಲ್ಲಿ ಹುಚ್ಚೆಳ್ಳು ಹೂ ಬಿಡುವುದು ತಮ್ಮ ಸರ್ಕಾರಿ ಲೆಕ್ಕದಲ್ಲಿ ಮಾತ್ರ ಸಾಧ್ಯ. ಆಗಿನ ಮೇಷ್ಟ್ರ ಅಳತೆಗೋಲು ಬೇರೆ: ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ. ಮುಟ್ಟದಿದ್ದರೆ ಮೇಷ್ಟ್ರು ಕೈಯನ್ನು ಸ್ವಲ್ಪ ಎಳೆದು ಮುಟ್ಟಿಸುತ್ತಿದ್ದರು. ಆಮೇಲೆ ದಾಖಲಾತಿ ಪುಸ್ತಕದಲ್ಲಿ ತಾರೀಖಿನ ಕಲಂ ಬಂದಾಗ, ಶಾಲೆ ಶುರುವಾಗುವ ಹೊತ್ತಿನ ತಮ್ಮನ್ನೇ ಬರೆದುಬಿಡುತ್ತಿದ್ದರು. ಹೀಗೆ ಊರೂರಲ್ಲಿ ಸಾಲುಸಾಲು ಮಕ್ಕಳು ಒಂದೇ ದಿನ ಹುಟ್ಟಿದರು.

ನನ್ನ ತಂದೆ ಮುಂದೆ ತಾವೇ ಪ್ರೈಮರಿ ಶಾಲೆಯ ಮೇಷ್ಟ್ರಾದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿಯ ಮಕ್ಕಳಿಗೆಲ್ಲ ತಮ್ಮನ್ನೇ ಪ್ರಸಾದದಂತೆ ಹಂಚಿದರು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮದಂತೆ 2012ರ ಮೇ 31ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದರು. ಮೊಮ್ಮಗಳಿಗೆ ಎಂಟು ದಿನ ಸಾಲದೆ ಬಂದಿದೆ ಎಂದು ಕೇಳಿದಾಗ ಅವರು ತುಂಬಾ ಹೊತ್ತು ಸುಮ್ಮನಿದ್ದು, “ಪುಸ್ತಕ ನನ್ನ ಕೈಗೆ ಕೊಟ್ಟಿದ್ದರೆ ಒಂದು ನಿಮಿಷದ ಕೆಲಸ ಕಣಮ್ಮ” ಎಂದರು. ಈಗ ಜನನ ಪ್ರಮಾಣಪತ್ರ ಇದೆ, ಆಧಾರ್ ಇದೆ. ಎಡಗಿವಿಗೆ ಬೆಲೆಯಿಲ್ಲ.

ಮನೆಯ ವಿಷಯ ಹಾಗಿರಲಿ. ನಾಡಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ ಹುಟ್ಟಿದ ದಿನ ತಮಗೇ ಖಚಿತವಾಗಿ ಗೊತ್ತಿಲ್ಲವೆಂದೂ, ಮೇಷ್ಟ್ರು ಬರೆದುಕೊಂಡದ್ದೇ ತಾರೀಖು ಎಂದೂ ಸಭೆಗಳಲ್ಲಿ ನಗುತ್ತ ಹೇಳಿದವರು. ಒಂದರಿಂದ ನಾಲ್ಕರ ಗೊಡವೆಯೇ ಇಲ್ಲದೆ ನೇರ ಐದನೇ ಕ್ಲಾಸಿಗೆ ಸೇರಿದವರು. ವಕೀಲರಾದರು, ದಾಖಲೆ ಸಂಖ್ಯೆಯ ಬಜೆಟ್ ಮಂಡಿಸಿದರು. ಅವರ ಸರ್ಕಾರದಲ್ಲಿ ನನ್ನ ಮಗಳಿಗೆ ಎಂಟು ದಿನ ಸಾಲದೆ ಬಂತು. ಇದರಲ್ಲಿ ಪಕ್ಷ ರಾಜಕಾರಣ ಹುಡುಕಬೇಡಿ. ಆದೇಶ ಹೊರಡಿಸಿದ್ದು ಹಿಂದಿನ ಸರ್ಕಾರ, ಜಾರಿಗೆ ತಂದದ್ದು ಈಗಿನದು. ತಮ್ಮ ವಿಷಯದಲ್ಲಿ ಎರಡು ಪಕ್ಷಗಳಿಗೂ ಒಮ್ಮತವಿದೆ. ಈ ಕಾಲದಲ್ಲಿ ಇಂಥ ಭಾಗ್ಯ ಎಷ್ಟು ತಾರೀಖುಗಳಿಗಿದೆ?

ಆದೇಶ ಬಂದದ್ದು 2022ರ ಜುಲೈಯಲ್ಲಿ. ಜುಲೈ ಎಂಬುದನ್ನು ಗಮನಿಸಬೇಕು. ಜೂನಿನಲ್ಲಿ ನಾವು ಮಗಳನ್ನು ನರ್ಸರಿಗೆ ಸೇರಿಸಿ, ಫೀಸು ಕಟ್ಟಿ, ಎರಡು ಜೊತೆ ಯೂನಿಫಾರಂ ಹೊಲಿಸಿ ಆಗಿತ್ತು. ಜನ ಗಲಾಟೆ ಮಾಡಿದ್ದರಿಂದ ನವೆಂಬರಿನಲ್ಲಿ ಇನ್ನೊಂದು ಆದೇಶ ಬಂತು: ಈಗಲೇ ಬೇಡ, 2025–26ರಿಂದ ಜಾರಿ. ಎಲ್ಲರೂ ನಿಟ್ಟುಸಿರು ಬಿಟ್ಟರು. ನರ್ಸರಿ 2022, ಎಲ್‌ಕೆಜಿ 2023, ಯುಕೆಜಿ 2024, ಒಂದನೇ ಕ್ಲಾಸು 2025 ಎಂದು ಬೆರಳು ಮಡಿಚಿ ಎಣಿಸಿದವರು ಮಾತ್ರ ನಿಟ್ಟುಸಿರು ಬಿಡಲಿಲ್ಲ. ಕಾಲಾವಕಾಶ ಕೊಟ್ಟದ್ದು ಯಾರಿಗೋ, ಬಾಣ ಬಂದು ನಾಟುವುದು ಆಗಲೇ ನರ್ಸರಿಯಲ್ಲಿ ಕೂತಿದ್ದ ಇದೇ ಮಕ್ಕಳಿಗೆ.

ಆರು ವರ್ಷ ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಆರರಿಂದ ಹದಿನಾಲ್ಕು ಎಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೇ ಕ್ಲಾಸಿಗೆ ಆರು ವರ್ಷ ಎನ್ನುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ತಮ್ಮ ದಾಯಾದಿ ಮಾರ್ಚ್ 31ರವರು ಇದೇ ಕೆಲಸದಲ್ಲಿದ್ದಾರೆ, ಅವರ ವಿರುದ್ಧ ತಾಯ್ತಂದೆಯರು 2022ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತು ಬಂದರು. ಎಳೆಯ ಬೆರಳಿಗೆ ಪೆನ್ಸಿಲ್ ತುರುಕುವುದು ತಪ್ಪು ಎಂಬುದು ನನಗೂ ಗೊತ್ತು. ಗೊತ್ತಿದ್ದೇ ಎರಡೂವರೆ ವರ್ಷಕ್ಕೆ ಪ್ಲೇ ಹೋಮಿಗೆ ಹಾಕಿದವಳು ನಾನು. ಪಕ್ಕದ ಮನೆಯ ಮಗು “ಎ ಫಾರ್ ಆ್ಯಪಲ್” ಅಂದಿತ್ತು. ಆಮೇಲೆ ಸುಮ್ಮನಿರಲು ಸಾಧ್ಯವೇ?

ಇನ್ನು ನಮ್ಮ ಹೋರಾಟದ ಕಥೆ. ಜನವರಿಯಲ್ಲಿ ಶಾಲೆಯವರು ಕರೆಸಿ, “ಒಂದನೇ ಕ್ಲಾಸು ಆಗುವುದಿಲ್ಲ, ಯುಕೆಜಿಯನ್ನೇ ಇನ್ನೊಂದು ವರ್ಷ ಮಾಡಲಿ, ಬೇಸ್ ಗಟ್ಟಿಯಾಗುತ್ತದೆ” ಎಂದರು. ಬೇಸ್ ಗಟ್ಟಿಯಾಗುವುದಕ್ಕೂ ಪೂರಾ ಫೀಸು. ಆ ಸಂಜೆಯೇ ಇಪ್ಪತ್ತಮೂರು ತಾಯ್ತಂದೆಯರ ವಾಟ್ಸಾಪ್ ಗುಂಪು ಹುಟ್ಟಿತು. ಸಾಫ್ಟ್‌ವೇರಿನವರೊಬ್ಬರು ಯಾರ ಮಗುವಿಗೆ ಎಷ್ಟು ದಿನ ಕಡಿಮೆ ಎಂದು ಪಟ್ಟಿ ಮಾಡಿದರು. ಪಟ್ಟಿ ಆದದ್ದೇ ತಡ, ನಮ್ಮಲ್ಲಿ ಮೇಲು ಕೀಳು ಶುರುವಾಯಿತು. ಎಂಟು ದಿನದ ನಾನು ಮೇಲ್ವರ್ಗ. ಆಗಸ್ಟಿನವರು ಮಧ್ಯಮ. “ಅಕ್ಟೋಬರಿನವರದು ಸ್ವಲ್ಪ ಅತಿಯಾಯಿತು, ಅವರಿಂದ ನಮ್ಮ ಕೇಸು ಕೆಡುತ್ತದೆ” ಎಂದು ನಾವು ಜೂನಿನವರು ಬೇರೆ ಗುಂಪು ಮಾಡಿಕೊಂಡು ಪಿಸುಗುಟ್ಟಿದೆವು.

ಮನವಿ ಪತ್ರ ಬರೆದೆವು. ಟಪಾಲು ವಿಭಾಗದಲ್ಲಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ಮೊಹರು ಬಿದ್ದ ಕಾಗದ ಹಿಡಿದುಕೊಂಡು ಫೋಟೋ ತೆಗೆಸಿಕೊಂಡೆವು. ಬೆಂಗಳೂರಿಗೆ ಹೋಗಿ ಬೇರೆ ಬೇರೆ ಊರಿನ ತಾಯ್ತಂದೆಯರ ಜೊತೆ ನಿಂತೆವು. ಕೂಸುಗಳನ್ನು ಬಗಲಲ್ಲಿಟ್ಟುಕೊಂಡು ಬಂದವರೂ ಇದ್ದರು. ರಾಜ್ಯ ಶಿಕ್ಷಣ ನೀತಿ ಆಯೋಗ ಏನು ಹೇಳುತ್ತದೋ ನೋಡೋಣ ಎಂದರು ಸರ್ಕಾರದವರು. ಆ ಆಯೋಗದ ಅಧ್ಯಕ್ಷರಾದ ಪ್ರೊಫೆಸರ್ ಸುಖದೇವ್ ಥೋರಟ್ ಎಂಬ ಹಿರಿಯ ಅರ್ಥಶಾಸ್ತ್ರಜ್ಞರ ಅಭಿಪ್ರಾಯವನ್ನು ನಾನು ಜೀವನದಲ್ಲಿ ಎಂದೂ ಅಷ್ಟು ಆತುರದಿಂದ ಕಾದಿರಲಿಲ್ಲ.

ಏಪ್ರಿಲ್ ನಡುವಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಸಡಿಲಿಕೆ ಪ್ರಕಟಿಸಿದರು. ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು; ರಾಜ್ಯ ಪಠ್ಯಕ್ರಮಕ್ಕೆ ಮಾತ್ರ; ಈ ಒಂದು ವರ್ಷ ಮಾತ್ರ. ಗುಂಪಿನಲ್ಲಿ ಪಟಾಕಿಯ ಚಿತ್ರಗಳು ಹಾರಿದವು. ಅಕ್ಟೋಬರಿನವರನ್ನೂ ಅಪ್ಪಿಕೊಂಡೆವು. ಒಂದನೇ ಕ್ಲಾಸಿನ ಸೀಟು ಆಗಲೇ ತುಂಬಿದೆಯೆಂದು ಶಾಲೆಯವರು ಒಂದು ವಾರ ಆಡಿಸಿ, ಆಮೇಲೆ ಒಪ್ಪಿದರು. ಗಟ್ಟಿಯಾಗದ ಬೇಸ್‌ಗೆ ಕಟ್ಟಿದ ಮುಂಗಡ ಇನ್ನೂ “ಪರಿಶೀಲನೆಯಲ್ಲಿದೆ”.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಕೃತಜ್ಞತಾ ಪತ್ರವಾಗುತ್ತಿತ್ತು. ಆದರೆ ನಮ್ಮ ಬೀದಿಯ ತುದಿಯಲ್ಲಿ ಹೂವಿನ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಮಗ ನನ್ನ ಮಗಳಿಗಿಂತ ಐದು ದಿನ ಚಿಕ್ಕವನು. ಅಂಗನವಾಡಿಗೆ ಹೋದವನು, ಮೊಟ್ಟೆ ಕೊಡುವ ದಿನ ತಪ್ಪದೆ ಹೋದವನು. ಸಡಿಲಿಕೆಯ ಸುದ್ದಿ ಕೇಳಿ ಅವಳೂ ಹತ್ತಿರದ ಶಾಲೆಗೆ ಹೋಗಿದ್ದಾಳೆ. ಎಲ್‌ಕೆಜಿ, ಯುಕೆಜಿ ಮುಗಿಸಿದವರಿಗೆ ಈ ಸಡಿಲಿಕೆ ಎಂದಿದ್ದಾರೆ. ಅಂಗನವಾಡಿಯಲ್ಲಿ ಅವನು ಮೂರು ವರ್ಷ ಕಲಿತದ್ದು ಯಾವ ಜಿಯೂ ಅಲ್ಲ. “ಮುಂದಿನ ವರ್ಷ ಬಾರಮ್ಮ” ಎಂದು ಕಳಿಸಿದ್ದಾರೆ. ದುಡ್ಡು ಕೊಟ್ಟು ಅವಸರ ಮಾಡಿದವರಿಗೆ ಸಡಿಲಿಕೆ ಸಿಕ್ಕಿತು. ಅವಸರ ಮಾಡದೆ, ಸರ್ಕಾರವೇ ನಡೆಸುವ ಜಾಗಕ್ಕೆ ಮಗುವನ್ನು ಕಳಿಸಿದವಳಿಗೆ ನಿಯಮ ಸಿಕ್ಕಿತು. ಕಳೆದ ವರ್ಷ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ಏಕೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಟ್ರಾಫಿಕ್ ಜಾಮ್ ಆಯಿತೆಂದು ಬೈದುಕೊಂಡಿದ್ದೆ.

ಇಪ್ಪತ್ತಮೂರು ಮಂದಿಯ ನಮ್ಮ ಗುಂಪಿಗೆ ಅವಳನ್ನು ಸೇರಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ದಿನಾ ಅವಳ ಹತ್ತಿರ ಮೊಳ ಹೂ ತೆಗೆದುಕೊಳ್ಳುವ ನನಗೂ. ಮನವಿ ಪತ್ರದ ಕರಡನ್ನು ತೆಗೆದು ನೋಡಿದೆ. “ನಮ್ಮ ಮಕ್ಕಳ” ಎಂದು ಹನ್ನೊಂದು ಕಡೆ ಬರೆದಿದ್ದೇವೆ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟು. ತಾವು ಆರು ಎನ್ನಿ, ಆರೂವರೆ ಎನ್ನಿ, ತಲೆ ಬಾಗುತ್ತೇವೆ. ಹೇಳುವುದನ್ನು ಮಗು ನರ್ಸರಿಯ ಹೊಸ್ತಿಲು ದಾಟುವ ಮುಂಚೆ ಹೇಳಿ, ದಾಟಿದ ಮೇಲೆ ಅಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಲಸಿಕೆಯ ಕಾರ್ಡಿನ ಜೊತೆ ಇದನ್ನೂ ಅಚ್ಚು ಹಾಕಿ ಕೊಟ್ಟರೆ ಜೋಯಿಸರಿಗೂ ಅನುಕೂಲ. ಸಡಿಲಿಸುವುದಾದರೆ ಅಂಗನವಾಡಿ ಟೀಚರ ಸಹಿಗೂ ಶಾಲೆಯ ಮೊಹರಿನಷ್ಟೇ ಬೆಲೆ ಇರಲಿ. ನಮ್ಮ ಎರಡನೆಯ ಮನವಿ ಪತ್ರ ಸಿದ್ಧವಾಗಿದೆ. ಸಹಿ ಹಾಕಲು ಗುಂಪಿನಲ್ಲಿ ಕೇಳಿದೆ. ಇಪ್ಪತ್ತಮೂರರಲ್ಲಿ ಹದಿನಾರು ಮಂದಿ ಏಪ್ರಿಲಿನಲ್ಲೇ ಗುಂಪು ಬಿಟ್ಟಿದ್ದರು. ಉಳಿದವರಲ್ಲಿ ನಾಲ್ವರು ಸಹಿ ಹಾಕಿದ್ದಾರೆ, ಐದನೆಯದು ಹೂವಿನವಳದು.

ನಾಳೆ ತಂದೆಯವರಿಗೆ ದಾಖಲೆಯ ಪ್ರಕಾರ ಎಪ್ಪತ್ಮೂರು ತುಂಬುತ್ತದೆ. ಪಾಯಸ ಮಾಡುತ್ತೇವೆ, ತಾವೂ ಬನ್ನಿ. ಹೂವಿನವಳ ಮಗನಿಗೆ ಆರು ತುಂಬುವುದು ಜೂನ್ 14ಕ್ಕೆ. ಶಾಲೆ ಮೊನ್ನೆ 29ಕ್ಕೇ ತೆರೆದಿದೆ.

ಇಂತಿ ತಮ್ಮ ವಿಧೇಯಳು,
ಎಂಟು ದಿನ ಕಡಿಮೆ ಬಿದ್ದವಳ ತಾಯಿ