ಗಂಟು ನೋಡಿ ಸಾರ್

ಮಾಗಡಿ ಬಳಿಯ ಸಾವನದುರ್ಗದ ಬಂಡೆಯ ಬುಡದಲ್ಲಿ ವೀರಭದ್ರಸ್ವಾಮಿಗೂ ಗುಡಿಯಿದೆ, ನರಸಿಂಹಸ್ವಾಮಿಗೂ ಇದೆ. ಈ ಬಂಡೆಯ ಎದುರು ನಿಂತವನಿಗೆ ಒಬ್ಬ ದೇವರು ಸಾಲುವುದಿಲ್ಲವೆಂದು ಹಿರಿಯರಿಗೆ ಗೊತ್ತಿದ್ದಿರಬೇಕು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಇಲ್ಲಿನ ಕೋಟೆ ಕಸಿದುಕೊಂಡದ್ದೂ ಮೊದಲು ಫಿರಂಗಿ ಹಾರಿಸಿಯೇ. ನನ್ನ ಬಳಿ ಇದ್ದದ್ದು ಒಬ್ಬ ಗೈಡು, ಒಂದು ಹಗ್ಗ, ಕಾಲ್ಬೆರಳುಗಳನ್ನೆಲ್ಲ ಒಟ್ಟಿಗೆ ಹಿಂಡುವ ಶೂ.

ಗೈಡಿಗೆ ನನ್ನ ಮಗನ ವಯಸ್ಸು. ಸೊಂಟದ ಹಾರ್ನೆಸ್ಸಿಗೆ ಹಗ್ಗವನ್ನು ಎಂಟರ ಆಕಾರದ ಗಂಟು ಹಾಕಿ ಕಟ್ಟಿಕೊಂಡವನೇ ನನ್ನೆದುರು ನಿಂತ. “ಗಂಟು ನೋಡಿ ಸಾರ್, ಸರಿಯಿದೆಯಾ?” ಆ ಗಂಟು ಕಲಿಸಿದವನು ಅವನು, ಕಲಿತ ಬಿಸಿ ಆರದವನು ನಾನು. ಆದರೂ ನಾನು ಪಾಸು ಮಾಡದೆ ಅವನು ಕಾಲೆತ್ತುವಂತಿಲ್ಲ. ಮನೆಯಲ್ಲಿ ನಾನು ಸಿಲಿಂಡರ್ ಬದಲಿಸಿದರೆ ಹೆಂಡತಿ ರೆಗ್ಯುಲೇಟರನ್ನು ಇನ್ನೊಮ್ಮೆ ಅಲುಗಾಡಿಸಿ ನೋಡದೆ ಒಲೆ ಹಚ್ಚುವುದಿಲ್ಲ. ಇಲ್ಲಿ ಇಷ್ಟು ಮರ್ಯಾದೆ!

ಹಗ್ಗ 60 ಮೀಟರು. ಬಂಡೆಗೆ ಅದು ಯಾವ ಮೂಲೆಗೂ ಸಾಲದು. ಅದಕ್ಕೇ ಪಿಚ್ ಪಿಚ್ಚಾಗಿ, ಅಂದರೆ ಹಗ್ಗದ ಅಳತೆಯೊಳಗಿನ ಹಂತ ಹಂತವಾಗಿ, ಹತ್ತಬೇಕು. ಗೈಡು ಬಂಡೆಗೆ ಕೂರಿಸಿದ ಬೋಲ್ಟಿನಿಂದ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತ ಮೇಲೇರುತ್ತಾನೆ, ನಾನು ಕೆಳಗಿನಿಂದ ಹಗ್ಗ ಬಿಡುತ್ತೇನೆ. ಪಿಚ್ ಮುಗಿದಲ್ಲಿ ಅವನು ಎರಡು ಬೋಲ್ಟುಗಳಿಗೆ ತನ್ನನ್ನು ಕಟ್ಟಿಕೊಂಡು, ಮೇಲಿನಿಂದ ಹಗ್ಗ ಎಳೆದುಕೊಳ್ಳುತ್ತ ನನ್ನನ್ನು ಕರೆಯುತ್ತಾನೆ. ಕರೆದದ್ದರಲ್ಲಿ ಅರ್ಧ ಮಾಗಡಿಯ ಗಾಳಿಯ ಪಾಲು.

ಬಂಡೆಯಲ್ಲಿ ಹಿಡಿಯಲು ಏನೂ ಇಲ್ಲ. “ಕೈಗೆ ಹುಡುಕಬೇಡಿ ಸಾರ್, ಕಾಲು ನಂಬಿ. ಹಿಮ್ಮಡಿ ಇಳಿಸಿ.” ಹೆದರಿದವನು ಬಂಡೆಯನ್ನು ತಬ್ಬಿಕೊಳ್ಳುತ್ತಾನೆ, ತಬ್ಬಿದಷ್ಟೂ ಕಾಲು ಜಾರುತ್ತದೆ. ಮೈ ದೂರವಿಟ್ಟು ನಿಂತರೆ ಭಾರವೆಲ್ಲ ಪಾದಕ್ಕಿಳಿದು ರಬ್ಬರು ಕಚ್ಚಿಕೊಳ್ಳುತ್ತದೆ. ಇದು ಬುದ್ಧಿಗೆ ತಕ್ಷಣ ಹೊಳೆಯಿತು. ಮಂಡಿಗೆ ಹೊಳೆಯಲಿಲ್ಲ, ಅದು ಹೊಲಿಗೆ ಯಂತ್ರದ ಹಾಗೆ ಕುಟ್ಟುತ್ತಲೇ ಇತ್ತು.

ಪ್ರತಿ ನಿಲ್ದಾಣದಲ್ಲೂ ಒಂದೇ ಕಾನೂನು: ಹೊಸದನ್ನು ಕಟ್ಟದೆ ಹಳೆಯದನ್ನು ಬಿಚ್ಚಬಾರದು. ನಾನು ಕಟ್ಟಿದ್ದನ್ನು ಅವನು ಎಳೆದು ನೋಡುತ್ತಾನೆ, ಅವನು ಕಟ್ಟಿದ್ದನ್ನು ನಾನು. ಯಾರಿಗೂ ಅವಮಾನವಿಲ್ಲ. ಹೆಂಡತಿ ಇಷ್ಟು ವರ್ಷ ಅಡುಗೆಮನೆಯಲ್ಲಿ ಮಾಡುತ್ತಿದ್ದದ್ದೂ ಇದೇ ಶಾಸ್ತ್ರ ಎಂದು ನನಗೆ ನೆಲದಿಂದ ನೂರಾರು ಅಡಿ ಮೇಲೆ ಅರ್ಥವಾಯಿತು. ಇಳಿದ ಮೇಲೆ ಅವಳಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ತುದಿಯ ನಂದಿ ಮಂಟಪದ ಹತ್ತಿರ ನಡೆದೇ ಹತ್ತಿ ಬಂದ ಕುಟುಂಬವೊಂದು ಚಿತ್ರಾನ್ನ ತಿನ್ನುತ್ತಿತ್ತು. ನನ್ನ ಹೆಲ್ಮೆಟ್ಟು, ಕೊಕ್ಕೆಗಳನ್ನೆಲ್ಲ ನೋಡಿದ ಹುಡುಗ ಕೇಳಿದ: “ಅಂಕಲ್, ನಿಮಗೆ ದಾರಿ ಸಿಗಲಿಲ್ವಾ?”

ಆಸೆಯಿದ್ದವರು ಖಂಡಿತ ಕಲಿಯಿರಿ, ಆದರೆ ಪಳಗಿದ ಗೈಡಿನ ಜೊತೆಗೇ. ಮಳೆಗಾಲ ಬಿಟ್ಟುಬಿಡಿ, ನೆನೆದ ಬಂಡೆಗೆ ಯಾರ ದಾಕ್ಷಿಣ್ಯವೂ ಇಲ್ಲ. ಗೈಡು ಎಷ್ಟು ಬೆಟ್ಟ ಹತ್ತಿದ್ದಾನೆಂದು ಕೇಳುವುದಕ್ಕಿಂತ, ತನ್ನ ಕೆಲಸವನ್ನು ನಿಮ್ಮಿಂದ ಪರೀಕ್ಷೆ ಮಾಡಿಸಿಕೊಳ್ಳುತ್ತಾನೋ ಇಲ್ಲವೋ ನೋಡಿ. ತನ್ನ ಮೇಲೆ ಪೂರ್ತಿ ನಂಬಿಕೆಯಿರುವವನ ಹಗ್ಗಕ್ಕೆ ಕಟ್ಟಿಕೊಳ್ಳಬೇಡಿ.