ಲಿಫ್ಟಿಗೆ ಹಿಡಿಸುವಷ್ಟು ಕಬ್ಬಿಣ

ಮನೆಯಲ್ಲೊಂದು ಮಿಲ್ಲಿಂಗ್ ಮೆಷಿನ್ ಇರಬೇಕು ಎನ್ನುವವನನ್ನು ಯಾಕೆ ಎಂದು ಕೇಳಬಾರದು. ನಿವೃತ್ತನಾದ ಮೇಲೆ ವೀಣೆ ಕಲಿಯುತ್ತೇನೆ ಎಂದರೆ ಜನ ತಲೆದೂಗುತ್ತಾರೆ. ತಾರಸಿಯ ಮೇಲೆ ಬದನೆ ಬೆಳೆಯುತ್ತೇನೆ ಎಂದರೆ ಬೀಜ ತಂದುಕೊಡುತ್ತಾರೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರ ತರುತ್ತೇನೆ ಎಂದರೆ ಮಾತ್ರ ಪುಣೆಯಲ್ಲಿರುವ ಮಗನಿಗೆ ಫೋನ್ ಮಾಡಿ, ‘ಅಪ್ಪ ಹುಷಾರಾಗಿದ್ದಾರಾ?’ ಎಂದು ವಿಚಾರಿಸುತ್ತಾರೆ.

ಮನೆಯೊಳಗಿನ ವಿಚಾರಣೆ ಇನ್ನೂ ನೇರವಾಗಿತ್ತು.

‘ರೀ, ಅದರಲ್ಲಿ ಏನು ಮಾಡ್ತೀರಿ?’

‘ಏನು ಬೇಕಾದರೂ ಮಾಡಬಹುದು.’

‘ಏನು ಬೇಕಾದರೂ ಅಂದರೆ, ಏನು?’

ಈ ಎರಡನೆಯ ಪ್ರಶ್ನೆಗೆ ಯಾವ ಹವ್ಯಾಸಿಯ ಹತ್ತಿರವೂ ಉತ್ತರ ಇದ್ದಂತಿಲ್ಲ. ಬಾಯಿಗೆ ಬಂದಿದ್ದು ‘ಕುಕ್ಕರ್ ಹಿಡಿ’. ಕುಕ್ಕರ್ ಹಿಡಿ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಹೆಂಡತಿಗೆ ಗೊತ್ತು. ಮೆಷಿನ್ ಎಷ್ಟಕ್ಕೆ ಬರುತ್ತದೆಂದು ಇನ್ನೂ ಗೊತ್ತಿರಲಿಲ್ಲ. ಅದು ಗೊತ್ತಾಗುವ ಮುಂಚೆ ನಾನು ಚಪ್ಪಲಿ ಮೆಟ್ಟಿದೆ.

ಹಾಗೆ ನೋಡಿದರೆ, ಈ ಯಂತ್ರವನ್ನು ಮೊದಲು ಕನಸಿದವನಿಗೆ ಗಟ್ಟಿ ಕಾರಣವಿತ್ತು. ಅಮೆರಿಕದ ಮಿಷಿಗನ್‌ನ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿದ್ದ. ಆ ರೆಕ್ಕೆಯ ಬಾಗು ಕೈಲೆಕ್ಕಕ್ಕೆ ಸಿಗದಾಗ, ಅಂಕಿಗಳ ಪಟ್ಟಿ ಕೊಟ್ಟು ಮೆಷಿನ್ ಓಡಿಸಿದರೆ ಹೇಗೆ ಎಂದು ಹೊರಟ. ಎಂಐಟಿಯವರು ಕೈಹಾಕಿ, ತೂತು ಹೊಡೆದ ಟೇಪು ಓದಿಕೊಂಡು ಓಡುವ ಮಿಲ್ಲಿಂಗ್ ಮೆಷಿನನ್ನು 1952ರಲ್ಲಿ ಜನರಿಗೆ ತೋರಿಸಿದರು. ವ್ಯಾಕ್ಯೂಮ್ ಟ್ಯೂಬು ತುಂಬಿದ ಅದರ ಕಂಟ್ರೋಲ್ ಬೀರು ಮೆಷಿನ್ನಿಗಿಂತ ಹೆಚ್ಚು ಜಾಗ ಹಿಡಿದಿತ್ತು. ಪಾರ್ಸನ್ಸನ ಹೆಂಡತಿ ಏನು ಕೇಳಿದಳೋ ಚರಿತ್ರೆಯಲ್ಲಿ ಬರೆದಿಲ್ಲ.

ಈಗ ಆ ಬೀರುವಿನ ಕೆಲಸಕ್ಕೆ ಅಂಗೈಗಿಂತ ಚಿಕ್ಕದಾದ ಒಂದು ಆರ್ಡುಯಿನೊ ಸಾಕು. ಅದರೊಳಗೆ ಕೂರುವ ಜಿಆರ್‌ಬಿಎಲ್ ತಂತ್ರಾಂಶವನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಚಿತ್ರ ಬಿಡಿಸಿ, ಅದರಿಂದ ಮೆಷಿನ್ನಿಗೆ ತಿಳಿಯುವ ಜಿ-ಕೋಡ್ ತೆಗೆಯುವುದಕ್ಕೆ ಫ್ರೀಕ್ಯಾಡ್ ಇದೆ, ಅದಕ್ಕೂ ಕಾಸಿಲ್ಲ. ಒಟ್ಟಿನಲ್ಲಿ ಬುದ್ಧಿ ಪುಕ್ಕಟೆಯಾಗಿದೆ, ಮೈ ಮಾತ್ರ ಆಗಿಲ್ಲ. ಕಬ್ಬಿಣಕ್ಕೆ ಇವತ್ತೂ ಕಬ್ಬಿಣದ ರೇಟೇ. ಅಗ್ಗದ ಮೆಷಿನ್ ಮಾಡುವವರು ಎಲ್ಲಿ ಕೈ ಬಿಗಿ ಹಿಡಿಯುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಯೊಂದರಲ್ಲಿ ಮೊದಲು ತೋರಿಸಿದ್ದು 3018. ಉದ್ದಕ್ಕೆ 300 ಮಿಲಿಮೀಟರ್, ಅಡ್ಡಕ್ಕೆ 180 ಓಡುವುದರಿಂದ ಆ ಹೆಸರು. ಮೇಲಕ್ಕೂ ಕೆಳಕ್ಕೂ ಓಡುವುದು ಬರೀ 45. ಅದನ್ನು ಹೆಸರಿಗೆ ಸೇರಿಸದೆ ಬಿಟ್ಟವರು ಜಾಣರು.

‘ಅಲ್ಯೂಮಿನಿಯಂ ಆಗುತ್ತಾ?’

‘ಆಗುತ್ತೆ ಸಾರ್.’

‘ಹಿತ್ತಾಳೆ?’

‘ಆಗುತ್ತೆ ಸಾರ್.’

‘ಎಂ.ಎಸ್., ಮೈಲ್ಡ್ ಸ್ಟೀಲ್?’

‘ನಿಧಾನಕ್ಕೆ ಹೋದರೆ ಅದೂ ಆಗುತ್ತೆ ಸಾರ್.’

ಎಷ್ಟು ನಿಧಾನ ಎಂದಿದ್ದಕ್ಕೆ ಹುಡುಗ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ತಿರುಗುವ ಮುಂಚೆ ಒಂದು ಲೆಕ್ಕ ಒಪ್ಪಿಸಿದ್ದ: ಮೋಟಾರು ಒಂದು ಮಿಲಿಮೀಟರಿಗೆ 800 ಹೆಜ್ಜೆ ಇಡುತ್ತದೆ, ಅಂದರೆ ಹೆಜ್ಜೆಗೆ ಒಂದೂಕಾಲು ಮೈಕ್ರಾನ್. ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನ್ ಆಸುಪಾಸು. ನನ್ನ ತಲೆಯ ಮೇಲೆ ಉಳಿದಿರುವುದನ್ನು ಅಳೆದರೆ ಅಷ್ಟೂ ಬರಲಿಕ್ಕಿಲ್ಲ. ಲೆಕ್ಕವೇನೋ ಸರಿ. ಆದರೆ ಅದು ಮೋಟಾರು ಇಡಬೇಕೆಂದುಕೊಂಡ ಹೆಜ್ಜೆಯ ಲೆಕ್ಕ, ಟೂಲು ನಿಜವಾಗಿ ಎಲ್ಲಿ ಹೋಗಿ ನಿಂತಿತು ಎಂಬುದರದ್ದಲ್ಲ.

ನನ್ನ ಜೋಳಿಗೆಯಲ್ಲಿ ಡಯಲ್ ಗೇಜ್ ಇತ್ತು. ಅದರ ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಮೆಷಿನ್ನಿಗೆ ಅಂಟಿಸಲು ಹೋದರೆ ಅಂಟಲೇ ಇಲ್ಲ. ಬೆಡ್ಡು, ಕಂಬ, ಅಡ್ಡತೊಲೆ ಎಲ್ಲ ಕಡೆ ಇಟ್ಟು ನೋಡಿದೆ. ಎಲ್ಲವೂ ಅಲ್ಯೂಮಿನಿಯಂ, ಇಲ್ಲವೇ ಪ್ಲಾಸ್ಟಿಕ್. ಇಡೀ ಮೆಷಿನ್ನಿನಲ್ಲಿ ಅಯಸ್ಕಾಂತಕ್ಕೆ ಕಾಲೂರಲು ಜಾಗವಿರಲಿಲ್ಲ! ಕೊನೆಗೆ ಪಕ್ಕದ ಸ್ಟೀಲ್ ಕಪಾಟಿಗೆ ಅಂಟಿಸಿ, ಗೇಜಿನ ಮೂತಿಯನ್ನು ಸ್ಪಿಂಡಲಿಗೆ ತಾಗಿಸಿ, ಹೆಬ್ಬೆರಳಿನಿಂದ ಒಂದು ಸಲ ಒತ್ತಿದೆ. ಮುಳ್ಳು ಕಾಲು ಸುತ್ತು ತಿರುಗಿತು. ಬಾಯಲ್ಲಿ ಒಂದೂಕಾಲು ಮೈಕ್ರಾನ್, ಹೆಬ್ಬೆರಳಿಗೆ ಇನ್ನೂರೈವತ್ತು. ಹುಡುಗ ಗೇಜನ್ನೇ ಅನುಮಾನದಿಂದ ನೋಡಿದ.

3018ನ್ನು ಹಳಿಯುತ್ತಿಲ್ಲ. ಏಳೆಂಟು ಕಿಲೋದ ಆ ಮೆಷಿನ್ ಮರದ ಮೇಲೆ ಹೆಸರು ಕೆತ್ತಲಿ, ಸರ್ಕ್ಯೂಟ್ ಬೋರ್ಡು ಗೀರಲಿ, ಚೆನ್ನಾಗಿಯೇ ಮಾಡುತ್ತದೆ. ಲೋಹದ ಮಾತು ಬೇರೆ. ಟೂಲು ಲೋಹವನ್ನು ತಳ್ಳಿದಷ್ಟೇ ಬಲವಾಗಿ ಲೋಹವೂ ಟೂಲನ್ನು ತಳ್ಳುತ್ತದೆ. ಮೆಷಿನ್ ಹಗುರವಾಗಿದ್ದರೆ ಅದೇ ನಡುಗಿ, ಕಿರುಚಿ, ಜಾಬಿನ ಮೈಮೇಲೆ ಗೆರೆ ಎಳೆದು, ನಾಲ್ಕು ಮಿಲಿಮೀಟರಿನ ಎಂಡ್ ಮಿಲ್ ಎಂಬ ಟೂಲನ್ನು ಪಟ್ಟೆಂದು ಮುರಿಯುತ್ತದೆ. ನಮ್ಮಜ್ಜಿಯ ರುಬ್ಬುವ ಕಲ್ಲು ಅಡುಗೆಮನೆಯ ನೆಲದಲ್ಲಿ ಹೂತುಕೊಂಡಿದ್ದು ಕದಿಯುವವರ ಭಯಕ್ಕಲ್ಲ. ಹಿಟ್ಟು ನುಣ್ಣಗಾಗಬೇಕಾದರೆ ಕಲ್ಲು ಅಲ್ಲಾಡಕೂಡದು. ಮಿಲ್ಲಿಂಗಿಗೂ ಅದೇ ನ್ಯಾಯ. ಆದರೆ ಕ್ಯಾಟಲಾಗಿನಲ್ಲಿ ಆರ್‌ಪಿಎಂ ದಪ್ಪ ಅಕ್ಷರದಲ್ಲಿರುತ್ತದೆ, ತೂಕ ಕೊನೆಯ ಸಾಲಿನಲ್ಲಿ, ಪ್ಯಾಕಿಂಗ್ ಸೇರಿಸಿ.

ಆಮೇಲೆ 6040 ಎಂಬ ರೌಟರ್. 600ಕ್ಕೆ 400, ನಿಮಿಷಕ್ಕೆ 24,000 ಸುತ್ತಿನ ಸ್ಪಿಂಡಲ್. ಮರ, ಅಕ್ರಿಲಿಕ್, ಅಲ್ಯೂಮಿನಿಯಂ ಮೂರಕ್ಕೂ ಸೈ. ಸ್ಟೀಲಿಗೆ ಈ ಅವಸರ ಹಿಡಿಸುವುದಿಲ್ಲ. ಹತ್ತು ಮಿಲಿಮೀಟರಿನ ಎಚ್‌ಎಸ್‌ಎಸ್ ಟೂಲಿಗೆ ಎಂ.ಎಸ್. ಮೇಲೆ 800 ಸುತ್ತು ಧಾರಾಳ, ಆ ಸ್ಪಿಂಡಲೋ ಅಷ್ಟು ನಿಧಾನಕ್ಕೆ ಇಳಿದರೆ ಬಲವನ್ನೇ ಕಳೆದುಕೊಳ್ಳುತ್ತದೆ. ಮೇಲಾಗಿ ಅದು ನೀರಿನಲ್ಲಿ ತಣ್ಣಗಾಗುವ ಜಾತಿ, ಪಕ್ಕದಲ್ಲಿ ಸದಾ ಒಂದು ಬಕೆಟ್ಟು ನೀರು ಬೇಕು. ಯಾವ ಬಕೆಟ್ಟು ಎಂಬ ಪ್ರಶ್ನೆ ಮನೆಯಲ್ಲಿ ಏಳುವುದು ಖಂಡಿತವಿತ್ತು. ಆ ಅಧ್ಯಾಯ ಅಲ್ಲಿಗೇ ಮುಗಿಯಿತು.

ಕಬ್ಬಿಣ ಬೇಕೆಂದವನು ಬೆಂಗಳೂರಿನಲ್ಲಿ ಪರದಾಡಬೇಕಾಗಿಲ್ಲ. 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರು ಇದು. ಜಾಲಹಳ್ಳಿ, ಪೀಣ್ಯದ ಕಡೆ ಮೆಷಿನ್ ಓಡಿಸಿಯೇ ಮನೆ ಕಟ್ಟಿದವರು ಬೀದಿಗೊಬ್ಬರು ಸಿಗುತ್ತಾರೆ. ತುಮಕೂರು ರಸ್ತೆಯ ಇಮ್‌ಟೆಕ್ಸ್ ಮೇಳಕ್ಕೂ ಹೋಗಿಬಂದೆ. ಲಾರಿಯಷ್ಟು ಎತ್ತರದ ಮೆಷಿನಿಂಗ್ ಸೆಂಟರುಗಳ ನಡುವೆ ಟೈ ಕಟ್ಟಿದ ತರುಣನೊಬ್ಬ ಬಹಳ ಮರ್ಯಾದೆಯಿಂದ ವಿಚಾರಿಸಿಕೊಂಡ.

‘ಯಾವ ಕಂಪನಿ ಸಾರ್?’

‘ಮನೆ.’

‘ದಿನಕ್ಕೆ ಎಷ್ಟು ಶಿಫ್ಟ್ ಓಡಿಸ್ತೀರಿ?’

‘ಊಟ ಆದ ಮೇಲೆ ಒಂದು. ನಿದ್ದೆ ಬರದಿದ್ದರೆ.’

ಪಾಪ, ಬ್ಯಾಗು, ಪೆನ್ನು, ಕಾಫಿ ಮೂರನ್ನೂ ಕೊಟ್ಟು ಕಳಿಸಿದ.

ಪೀಣ್ಯದ ಹಳೇ ಮೆಷಿನ್ ಅಂಗಳಗಳಲ್ಲಿ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್‌ಗಳು ಮಳೆಯಲ್ಲಿ ನೆನೆಯುತ್ತ ನಿಂತಿರುವುದನ್ನು ಕಂಡಾಗ ನಿಜಕ್ಕೂ ಕರುಳು ಚುರುಕ್ ಎಂದಿತು. ಹ್ಯಾಂಡಲ್ ತಿರುಗಿಸಿದರೆ ಟೇಬಲ್ಲು ಬೆಣ್ಣೆಯ ಹಾಗೆ ಜಾರುತ್ತದೆ. ಬೆಲೆಯೂ ದುಬಾರಿಯಲ್ಲ. ತೂಕ ಮಾತ್ರ ಟನ್ನಿನ ಲೆಕ್ಕ, ನಾವಿರುವುದು ಮೂರನೆಯ ಮಹಡಿಯ ಫ್ಲಾಟಿನಲ್ಲಿ. ಅಸೋಸಿಯೇಷನ್ ಕಾರ್ಯದರ್ಶಿ ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಿದರೂ ನೋಟಿಸ್ ಅಂಟಿಸುವ ಮನುಷ್ಯ.

ಕೊನೆಗೆ ನನಗೆ ಮೆಷಿನ್ ಆರಿಸಿಕೊಟ್ಟಿದ್ದು ನಮ್ಮ ಲಿಫ್ಟು. ಒಳಗಿನ ಫಲಕದಲ್ಲಿ ‘4 ಜನ, 272 ಕಿಲೋ’ ಎಂದಿದೆ. ಅಂದರೆ ತಲೆಗೆ 68 ಕಿಲೋ. ನಮ್ಮ ಮಹಡಿಯವರನ್ನು ನೋಡಿ ಹಾಕಿದ ಲೆಕ್ಕವಲ್ಲ, ಇರಲಿ. ಚೀನಾದ ಸೀಗ್ ಕಂಪನಿಯ ಎಕ್ಸ್2 ಎಂಬ ಪುಟ್ಟ ಮಿಲ್ ಸುಮಾರು 60 ಕಿಲೋ. ಎರಕದ ಕಬ್ಬಿಣದ ಬೆಡ್ಡು, ಕಬ್ಬಿಣದ ಕಂಬ, ಲಿಫ್ಟಿನ ಲೆಕ್ಕದಲ್ಲಿ ಒಬ್ಬ ಬಡಕಲು ಆಸಾಮಿ. ಡಯಲ್ ಗೇಜಿನ ಅಯಸ್ಕಾಂತ ಅದಕ್ಕೆ ಟಕ್ಕೆಂದು ಕಚ್ಚಿಕೊಂಡಿತು. ಹುಟ್ಟಾ ಅದು ಕೈಯಲ್ಲಿ ತಿರುಗಿಸುವ ಮೆಷಿನ್, ಮೋಟಾರು ಕೂರಿಸಿ ಸಿಎನ್‌ಸಿ ಮಾಡಿಕೊಳ್ಳಬಹುದು. ಯಾರೋ ಕೊಂಡು, ಯಾರದೋ ಮನೆಯಲ್ಲಿ ಬೈಸಿಕೊಂಡು, ಮಾರಲಿಟ್ಟಿದ್ದು ನನಗೆ ಸಿಕ್ಕಿತು.

ಪಕ್ಕದ ಬ್ಲಾಕಿನಲ್ಲಿ ಪೀಣ್ಯದಲ್ಲೇ ಆಯುಷ್ಯ ಸವೆಸಿದ ಮೇಸ್ತ್ರಿಯೊಬ್ಬರಿದ್ದಾರೆ. ಬಂದವರೇ ಹ್ಯಾಂಡಲನ್ನು ಮುಂದೊಮ್ಮೆ ಹಿಂದೊಮ್ಮೆ ತಿರುಗಿಸಿದರು. ‘ಪ್ಲೇ ಇದೆ ಸಾರ್. ಹ್ಯಾಂಡಲ್ ತಿರುಗ್ತಿದೆ, ಟೇಬಲ್ ಇನ್ನೂ ಯೋಚನೆ ಮಾಡ್ತಿದೆ.’ ಕೈಯಲ್ಲಿ ಓಡಿಸುವವನು ಅದನ್ನು ಸಂಭಾಳಿಸಿಕೊಳ್ಳುತ್ತಾನೆ. ಕಂಪ್ಯೂಟರಿಗೆ ಆ ಸಂಯಮವಿಲ್ಲ. ವೃತ್ತ ಕೊರೆ ಎಂದರೆ ಟೇಬಲ್ಲು ದಿಕ್ಕು ಬದಲಿಸುವ ನಾಲ್ಕೂ ಜಾಗದಲ್ಲಿ ಗುರುತು ಬಿಡುತ್ತದೆ. ಹಾಗಾಗಿ ಹಳೆಯ ಸ್ಕ್ರೂ ತೆಗೆದು ಬಾಲ್ ಸ್ಕ್ರೂ ಹಾಕಬೇಕು. ‘ಅದಕ್ಕೆ ಮುಂಚೆ ಆರು ತಿಂಗಳು ಕೈಯಲ್ಲೇ ತಿರುಗಿಸಿ. ಟೂಲು ಬಿಗಿದುಕೊಂಡಾಗ ಹ್ಯಾಂಡಲ್ಲು ಕೈಗೆ ಹೇಳುತ್ತೆ. ಮೋಟಾರು ಯಾರಿಗೂ ಹೇಳಲ್ಲ, ಮುರಿಯುತ್ತೆ ಅಷ್ಟೆ.’ ನಡುವೆ ಕರೆಂಟು ಹೋದರೆ ಮೋಟಾರಿಗೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ, ಯುಪಿಎಸ್ ಬೇಕು ಎಂದೂ ಸೇರಿಸಿದರು. ನಮ್ಮ ಬಡಾವಣೆಯ ಕರೆಂಟಿನ ಪರಿಚಯ ಅವರಿಗೂ ಇದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: ‘ಟೂಲಿಗೆ ದುಡ್ಡು ಇಟ್ಕೊಂಡಿದ್ದೀರಾ ಸಾರ್?’ ವೈಸು, ಕಾಲೆಟ್ಟು, ಪ್ಯಾರಲಲ್ಲು, ಕ್ಲ್ಯಾಂಪು, ಮುರಿಯಲೆಂದೇ ಹುಟ್ಟಿದ ಎಂಡ್ ಮಿಲ್ಲುಗಳು. ಕೂಡಿಸಿದರೆ ಇನ್ನೊಂದು ಮೆಷಿನ್ನಿನ ದುಡ್ಡು. ಒಳಗೆ ಕಾಫಿ ಲೋಟ ತೊಳೆಯುವ ಸದ್ದು ನಿಂತುಹೋಯಿತು.

ಈಗಿನ ಸ್ಥಿತಿ ಹೀಗಿದೆ: ಮೆಷಿನ್ ಮಗನ ಓದುವ ಕೋಣೆಯಲ್ಲಿದೆ. ಅಲ್ಯೂಮಿನಿಯಂ ಪುಡಿ ನನ್ನ ಚಪ್ಪಲಿಗೆ ಅಂಟಿ ದೇವರಮನೆಯವರೆಗೂ ತಲುಪಿದೆ. ಕುಕ್ಕರ್ ಹಿಡಿ ಅಂಗಡಿಯಿಂದಲೇ ಬಂತು. ಮೇಸ್ತ್ರಿ ಹೇಳಿದ ಪಟ್ಟಿಯಲ್ಲಿ ವೈಸ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಗೋ ಹೊಂದಿದೆ. ಓದುಗರಲ್ಲಿ ಯಾರ ಹತ್ತಿರವಾದರೂ ಮೂರಿಂಚಿನ ಹಳೇ ಮಿಲ್ಲಿಂಗ್ ವೈಸ್ ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ತುಕ್ಕು ಹಿಡಿದಿದ್ದರೂ ಅಡ್ಡಿಯಿಲ್ಲ. ಮನೆಗೆ ಮಾತ್ರ ಫೋನ್ ಮಾಡಬೇಡಿ.